ಜಡ್ಜ್ ಸಾಹೇಬರ ಇಂಜಿನ್ನಿಗೆ ಬಿದ್ದ ಖರ್ಚು

ಇಂಜಿನ್ ಬರುವ ಹೊತ್ತಿಗೆ ಆ ಮನೆಯವರು ಊಟದ ಮೇಜಿನ ಮೇಲೆ ಊಟ ಮಾಡುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಮೇಜಿನ ಅಂಚಿನುದ್ದಕ್ಕೂ ಪುಟ್ಟ ರೈಲುಹಳಿ ಹಾಸಿತ್ತು. ಹಳಿಯ ಒಳಗೆ ಅಪ್ಪನ ಸ್ಕ್ರೂಡ್ರೈವರುಗಳು, ಬೆಸುಗೆ ಕಡ್ಡಿ, ಭೂತಗನ್ನಡಿ. ಉಪ್ಪಿನ ಡಬ್ಬಿ ಮಾತ್ರ ಹಳೆಯ ಮೂಲೆಯಲ್ಲೇ ಉಳಿದಿತ್ತು, ಏಕೆಂದರೆ ಅದನ್ನು ಕದಲಿಸಲು ಅಜ್ಜಿ ಒಪ್ಪಿರಲಿಲ್ಲ. ಎಲ್ಲರೂ ಸೋಫಾದಲ್ಲಿ ಕೂತು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು.

ಅಪ್ಪ ಗಡಿಯಾರದ ಕಾರ್ಖಾನೆಯಲ್ಲಿದ್ದವನು. ಅದು ಮುಚ್ಚಿದ ಮೇಲೆ ಮಾದರಿ ರೈಲು ಇಂಜಿನ್ನುಗಳ ರಿಪೇರಿ ಹಿಡಿದಿದ್ದ. ಇವು ಮಕ್ಕಳ ಆಟಿಕೆಗಳಲ್ಲ. ಒಂದೊಂದೂ ಗೇಣುದ್ದ, ನಿಜವಾದ ಇಂಜಿನ್ನಿನ ಒಂದೊಂದು ಮೊಳೆಯೂ ಅದರಲ್ಲಿರುತ್ತದೆ. ದೊಡ್ಡವರು, ಹೆಚ್ಚಾಗಿ ನಿವೃತ್ತರಾದವರು, ಇವನ್ನು ಗಾಜಿನ ಕಪಾಟಿನಲ್ಲಿಟ್ಟು ಮೊಮ್ಮಕ್ಕಳು ಮುಟ್ಟದಂತೆ ಬೀಗ ಹಾಕುತ್ತಾರೆ. ಅಮ್ಮ ಬ್ರೆಡ್ ಕಾರ್ಖಾನೆಯ ಲೆಕ್ಕದ ವಿಭಾಗದಲ್ಲಿದ್ದಳು. ಒಂದು ಬ್ರೆಡ್ಡಿಗೆ ಹಿಟ್ಟಿನಿಂದ ಹಿಡಿದು ಸುತ್ತುವ ಕಾಗದದವರೆಗೆ ಎಷ್ಟು ಬೀಳುತ್ತದೆಂದು ಕಂಡುಹಿಡಿಯುವುದು ಅವಳ ಕೆಲಸ. ಮಗಳು ನರ್ಸಿಂಗ್ ಓದುತ್ತಿದ್ದಳು. ಅಪ್ಪನ ತಾಯಿ, ಅಜ್ಜಿ, ಮನೆಯಲ್ಲೇ ಇದ್ದು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಅಪ್ಪನ ಕೈ ಚೆನ್ನಾಗಿತ್ತು, ಬಾಯಿ ಚೆನ್ನಾಗಿರಲಿಲ್ಲ. ಬಿಲ್ಲು ನೋಡಿ ಗಿರಾಕಿ ಹುಬ್ಬೇರಿಸಿದರೆ ಸಾಕು, ಅವನು ಅರ್ಧಕ್ಕೆ ಇಳಿಯುತ್ತಿದ್ದ. ಹುಬ್ಬು ಇಳಿಯದಿದ್ದರೆ ಇನ್ನೂ ಇಳಿಯುತ್ತಿದ್ದ.

"ರೀ, ನಮ್ಮ ಕಾರ್ಖಾನೇಲಿ ಸುಟ್ಟುಹೋದ ಬ್ರೆಡ್ಡಿಗೂ ಇದಕ್ಕಿಂತ ಜಾಸ್ತಿ ದುಡ್ಡು ಹುಟ್ಟುತ್ತೆ," ಎಂದಳು ಅಮ್ಮ ಒಂದು ಸಂಜೆ, ಆಮ್ಲೆಟ್ಟಿನ ತಟ್ಟೆಯನ್ನು ಅವನ ತೊಡೆಯ ಮೇಲಿಡುತ್ತ. "ನನ್ನ ತಮ್ಮ ಕರೀತಾನೇ ಇದಾನೆ. ಅವನ ನೀರಿನ ಪಂಪಿನ ಅಂಗಡೀಲಿ ಕೂತ್ಕೊಳ್ಳಿ. ತಿಂಗಳಾದ್ರೆ ಸಂಬಳ."

"ಜಡ್ಜ್ ಸಾಹೇಬ್ರದ್ದೊಂದು ಕೆಲಸ ಬರ್ತಿದೆ ಕಣೇ. ಅದೊಂದು ಮುಗೀಲಿ."

"ಸರಿ. ಅದ್ರಲ್ಲಿ, ಖರ್ಚೆಲ್ಲ ಕಳೆದು, ತಮ್ಮ ಕೊಡೋ ಒಂದು ತಿಂಗಳ ಸಂಬಳದಷ್ಟು ಉಳೀಬೇಕು. ಉಳಿದ್ರೆ ನಾನು ಇನ್ನು ಬಾಯಿ ಬಿಡಲ್ಲ. ಇಲ್ದಿದ್ರೆ ಮೇಜು ನನಗೆ, ನೀವು ಅವನಿಗೆ."

ಅಜ್ಜಿ ಒಳಕೋಣೆಯಲ್ಲಿ ಮಲಗಿದ್ದಳು. ಕಣ್ಣು ಮುಚ್ಚಿತ್ತು, ಕಿವಿ ಮುಚ್ಚಿರಲಿಲ್ಲ.

ಮುಂದಿನ ವಾರ ನಿವೃತ್ತ ಜಡ್ಜ್ ಸಾಹೇಬರು ಮರದ ಪೆಟ್ಟಿಗೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಬಂದರು. ಒಳಗೆ ಹಸಿರು ಬಣ್ಣದ ಉಗಿ ಇಂಜಿನ್ನಿನ ಮಾದರಿ, ಓಡುವುದು ಮಾತ್ರ ಕರೆಂಟಿನಲ್ಲಿ.

"ಎರಡು ಕೆಲಸ," ಎಂದರು. "ಒಂದು, ಓಡ್ತಾ ಓಡ್ತಾ ನಿಂತುಬಿಡುತ್ತೆ. ಎರಡು, ಹಸಿರು ತೆಗೆದು ಕಪ್ಪು ಮಾಡ್ಬೇಕು, ಪಕ್ಕದಲ್ಲಿ ಸಣ್ಣ ಹಳದಿ ಗೆರೆ. ಹಾಂ, ಡ್ರೈವರ್ ನಾನಾಗಿರ್ಬೇಕು."

"ಅದು ಮೂರಾಯ್ತಲ್ಲ?" ಎಂದಳು ಅಜ್ಜಿ ಬಾಗಿಲಿಂದ.

ಜಡ್ಜ್ ಸಾಹೇಬರು ಸ್ವಲ್ಪ ನಾಚಿಕೊಂಡರು. "ಚಿಕ್ಕಂದಿನಲ್ಲಿ ಇಂಜಿನ್ ಡ್ರೈವರ್ ಆಗ್ತೀನಿ ಅಂತಿದ್ದೆ ತಾಯಿ. ನಮ್ಮಪ್ಪ ಲಾ ಓದಿಸಿದ್ರು."

ಕೆಟ್ಟು ನಿಂತ ಇಂಜಿನ್ ಸುಲಭ. ಆಗಾಗ ಮಾತ್ರ ಕೆಡುವ ಇಂಜಿನ್ ಕಷ್ಟ. ಅದು ಕೆಡುವ ಕ್ಷಣದಲ್ಲಿ ಯಾರಾದರೂ ಎದುರಿಗಿದ್ದು ನೋಡಬೇಕು, ಆ ಕ್ಷಣ ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ಅಪ್ಪನಿಗೆ ಬೇರೆ ಕೆಲಸವಿತ್ತು. ಬಟಾಣಿ ಸುಲಿಯುತ್ತ ಕೂತಿದ್ದ ಅಜ್ಜಿಯನ್ನು ಮೇಜಿನ ಮುಂದೆ ಕೂರಿಸಿದ.

"ಅಮ್ಮಾ, ಇದು ನಿಂತ ತಕ್ಷಣ ನನ್ನ ಕೂಗು. ಕೈ ಮಾತ್ರ ಹಚ್ಚಬೇಡ."

"ಹಚ್ಚಲ್ಲ ಹೋಗೋ."

ಇಂಜಿನ್ ಸುತ್ತಿತು, ಮತ್ತೆ ಮತ್ತೆ ಸುತ್ತಿತು. ಅರ್ಧ ಬುಟ್ಟಿ ಬಟಾಣಿ ಮುಗಿಯುವ ಹೊತ್ತಿಗೆ ಉಪ್ಪಿನ ಡಬ್ಬಿಯ ಹತ್ತಿರ ಬಂದು ನಿಂತಿತು. ಅಜ್ಜಿ ಕೂಗಲೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅಡುಗೆಮನೆಯಿಂದ ಸೊಸೆ ಫೋನಿನಲ್ಲಿ ಮಾತಾಡುವುದು ಕೇಳಿಸಿತು: "ಇದೊಂದು ನೋಡ್ತೀನಿ ಕಣೋ. ಆಗ್ಲಿಲ್ಲ ಅಂದ್ರೆ ನಿನ್ನ ಭಾವನ್ನ ಕಳಿಸ್ತೀನಿ." ಅಜ್ಜಿ ಬಾಯಿ ಮುಚ್ಚಿದಳು. ನಿಂತ ಇಂಜಿನ್ನನ್ನೂ ನೋಡಿದಳು, ಬೆನ್ನು ತಿರುಗಿಸಿ ಕೂತಿದ್ದ ಮಗನನ್ನೂ ನೋಡಿದಳು. ಕೈ ಹಚ್ಚಲಿಲ್ಲ. ಬಟಾಣಿ ಸಿಪ್ಪೆಯಿಂದ ಹಿಂದಿನಿಂದ ಒಂದಿಷ್ಟು ನೂಕಿದಳು. ಅದು ಓಡಿತು.

"ನಿಂತಿತಾ ಅಮ್ಮಾ?"

"ಇಲ್ಲಪ್ಪಾ. ಕುದುರೆ ಹಾಗೆ ಓಡ್ತಿದೆ."

ಅಂದಿನಿಂದ ಅಜ್ಜಿ ಕಾವಲು ಕೂತಷ್ಟು ದಿನ ಅದು ಒಂದು ಸಲವೂ ನಿಲ್ಲಲಿಲ್ಲ. ತನ್ನ ಕೈಯಿಂದ ಮಗನ ಕಸುಬು ಉಳಿಯುತ್ತಿದೆಯೆಂದು ಅಜ್ಜಿ ನಂಬಿದ್ದಳು. ಓಡುವ ಇಂಜಿನ್ ಅಂದರೆ ರಿಪೇರಿಯಾದ ಇಂಜಿನ್ ಎಂಬುದು ಅವಳ ಲೆಕ್ಕ.

ಅಪ್ಪನ ಲೆಕ್ಕ ಬೇರೆ. ಕಾಣದ ರೋಗಕ್ಕೆ ಊಹೆಯ ಮೇಲೆ ಔಷಧಿ ಕೊಡಬೇಕು. ಹಳೆಯ ಮೋಟಾರು ಬಿಸಿಯಾಗಿ ಕೈಕೊಡುತ್ತಿರಬಹುದೆಂದು ಹೊಸ ಮೋಟಾರು ತರಿಸಿದ. ಅದರ ಅಳತೆ ಬೇರೆ, ಹಳೆಯದರ ಜಾಗದಲ್ಲಿ ಕೂರಲಿಲ್ಲ. ಹಿತ್ತಾಳೆ ತಗಡಿನಲ್ಲಿ ಅದಕ್ಕೊಂದು ಪೀಠ ಕೊರೆದ, ಸರಿಹೋಗಲಿಲ್ಲ. ಇನ್ನೊಂದು ಕೊರೆದ. ಮೂರನೆಯದು ಕೂತಿತು. ವಾರ ಕಳೆದಿತ್ತು. ಇಂಜಿನ್ ಈಗ ಬೆಕ್ಕಿನ ಹಾಗೆ ಸದ್ದಿಲ್ಲದೆ ಓಡುತ್ತಿತ್ತು. ಬಣ್ಣಕ್ಕೆ ಮೊದಲು ಮನೆಯಲ್ಲಿ ಓಡಿಸಿ ನೋಡಿ ಎಂದು ಜಡ್ಜ್ ಸಾಹೇಬರಿಗೆ ಕಳಿಸಿಕೊಟ್ಟ.

ಎರಡನೇ ದಿನವೇ ಫೋನು. "ನಿಂತಿತು."

"ನಮ್ಮನೇಲಿ ನಿಲ್ಲಲ್ಲ ಸಾರ್!"

"ನನ್ನ ಮನೇಲಿ ನಿಲ್ಲುತ್ತೆ. ಇಂಜಿನ್ನಿಗೆ ನಾನು ಕಂಡ್ರಾಗಲ್ವೇನ್ರೀ?"

ಅಪ್ಪ ಚಿಂದಿ, ಸ್ಪಿರಿಟ್ಟು ಹಿಡಿದು ಜಡ್ಜ್ ಸಾಹೇಬರ ಮನೆಗೆ ಹೋಗಿ ಅವರ ಹಳಿಯನ್ನೆಲ್ಲ ಉಜ್ಜಿದ. ಮರುದಿನ ಮತ್ತೆ ಹೋಗಿ ಅವರ ಕರೆಂಟಿನ ಡಬ್ಬಿ ಬಿಚ್ಚಿದ. ಇಂಜಿನ್ನನ್ನು ವಾಪಸ್ ತಂದು ತನ್ನ ಮೇಜಿನ ಮೇಲಿಟ್ಟರೆ ಅದು ಇಡೀ ದಿನ ಓಡಿತು. ಅಜ್ಜಿ ಆ ದಿನ ಬೀನ್ಸ್ ಬಿಡಿಸುತ್ತಿದ್ದಳು.

ಆ ರಾತ್ರಿ ಅಪ್ಪ ತಟ್ಟೆಯನ್ನು ಅರ್ಧಕ್ಕೇ ಬಿಟ್ಟೆದ್ದ. "ನನ್ನ ಕೈಯೇ ಹೋಯ್ತು ಅನ್ಸುತ್ತೆ," ಎಂದ. "ನಿನ್ನ ತಮ್ಮ ಅಂಗಡಿ ಎಷ್ಟೊತ್ತಿಗೆ ತೆಗೀತಾನೆ?"

ಅಮ್ಮ ಅವನ ತಟ್ಟೆಯನ್ನು ಮುಚ್ಚಿಟ್ಟಳು. ಗೆದ್ದ ಮುಖ ಅವಳದಾಗಿರಲಿಲ್ಲ. ಅಜ್ಜಿಯೂ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಮುಂದಿನ ಶನಿವಾರ ಅಮ್ಮ ಅಜ್ಜಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಮೇಜಿನ ಮುಂದೆ ಮಗಳು ಕೂತಳು. ಅವಳ ಓದಿನಲ್ಲಿ ಮೊದಲ ಪಾಠವೇ ಪೇಷಂಟನ್ನು ನೋಡು, ನಿನಗೆ ತೋಚಿದ್ದು ಮಾಡಬೇಡ ಎಂಬುದು. ಇಂಜಿನ್ ಉಪ್ಪಿನ ಡಬ್ಬಿಯ ಹತ್ತಿರ ನಿಂತಿತು.

"ಅಪ್ಪಾ, ನಿಂತಿತು."

ಅಪ್ಪ ಓಡಿಬಂದ ರಭಸಕ್ಕೆ ಕುರ್ಚಿ ಮಗುಚಿತು. "ನಿಂತಿತಾ? ನಿಜವಾಗ್ಲೂ ನಿಂತಿತಾ? ಅಯ್ಯೋ ನನ್ನ ಬಂಗಾರ!" ಬಂಗಾರ ಮಗಳೋ ಇಂಜಿನ್ನೋ ಸ್ಪಷ್ಟವಾಗಲಿಲ್ಲ.

ಬಿಸಿ ಆರುವ ಮೊದಲೇ ಬಿಚ್ಚಿ, ಭೂತಗನ್ನಡಿ ಹಿಡಿದು ನೋಡಿದ. ಅಚ್ಚಿನ ಮೇಲೆ ಕೂತ ಪ್ಲಾಸ್ಟಿಕ್ ಹಲ್ಲುಚಕ್ರದಲ್ಲಿ ಕೂದಲೆಳೆಯ ಬಿರುಕು. ತಣ್ಣಗಿದ್ದಾಗ ಚಕ್ರ ಅಚ್ಚನ್ನು ಹಿಡಿದಿರುತ್ತದೆ. ಬಿಸಿಯಾದರೆ ಬಿರುಕು ಬಾಯಿಬಿಟ್ಟು, ಹಿಡಿತ ತಪ್ಪಿ, ಅಚ್ಚು ತಿರುಗದೆ ಹಲ್ಲುಚಕ್ರ ಮಾತ್ರ ತಿರುಗುತ್ತದೆ. ಹಿಂದಿನಿಂದ ಯಾರಾದರೂ ಸ್ವಲ್ಪ ನೂಕಿದರೆ ಮತ್ತೆ ಕಚ್ಚಿಕೊಳ್ಳುತ್ತದೆ. ಮೋಟಾರಿನದೇನೂ ತಪ್ಪಿರಲಿಲ್ಲ.

ಸಂಜೆ ಅಡುಗೆಮನೆಯಲ್ಲಿ ಮಗಳು ಆಲೂಗಡ್ಡೆ ಹೆಚ್ಚುತ್ತ ಕೇಳಿದಳು: "ಅಜ್ಜಿ, ಇಷ್ಟು ದಿನ ನೀನು ಕೂತಾಗ ಯಾಕೆ ನಿಲ್ಲಲಿಲ್ಲ?"

"ನನ್ನ ಕಂಡ್ರೆ ಅದಕ್ಕೆ ಗೌರವ."

"ಅಜ್ಜೀ."

"ನೂಕಿದೆ ಕಣೇ. ಏನೀಗ? ನೀನು ಚಿಕ್ಕವಳಿದ್ದಾಗ ಸೈಕಲ್ ಮೇಲೆ ಕೂರಿಸಿ ನೂಕಲಿಲ್ವಾ? ನಿನ್ನಮ್ಮನಿಗೆ ಹೇಳಿದ್ಯೋ ನೋಡು."

"ಅಪ್ಪನಿಗೆ?"

"ಅವನಿಗೂ ಬೇಡ. ಅವನು ನನ್ನನ್ನ ಬೈಯಲ್ಲ, ಸುಮ್ನೆ ಕೂತುಬಿಡ್ತಾನೆ. ಬೈದ್ರೇ ವಾಸಿ."

ರೋಗ ಸಿಕ್ಕಿತು, ಔಷಧಿ ಸಿಗಲಿಲ್ಲ. ಆ ಇಂಜಿನ್ ಮಾಡಿದ ಕಂಪನಿ ಮುಚ್ಚಿ ಬಹಳ ಕಾಲವಾಗಿತ್ತು. ಅದೇ ಜಾತಿಯ ಕೆಟ್ಟ ಇಂಜಿನ್ನೊಂದನ್ನು, ಆ ಚಕ್ರವೊಂದರ ಆಸೆಗೆ, ಅಪ್ಪ ಇಡಿಯಾಗಿ ಕೊಂಡ. ಬಿಚ್ಚಿದರೆ ಅದರ ಚಕ್ರವೂ ಅದೇ ಜಾಗದಲ್ಲಿ ಬಿರಿದಿತ್ತು. ಒಂದೇ ವರ್ಷ ಹುಟ್ಟಿದವು, ಒಂದೇ ಕಾಯಿಲೆ. ಕೊನೆಗೆ ಹಲ್ಲುಚಕ್ರ ಕೊರೆಯುವ ವರ್ಕ್‌ಶಾಪಿಗೆ ಹೋದ. ಯಂತ್ರಕ್ಕೆ ಅಳತೆ ಹೊಂದಿಸುವುದೇ ಕೆಲಸ, ಆಮೇಲೆ ಒಂದಾದರೂ ಅದೇ ಖರ್ಚು, ಇಪ್ಪತ್ತಾದರೂ ಅದೇ ಖರ್ಚು ಎಂದ ವರ್ಕ್‌ಶಾಪಿನವನು. ಅಪ್ಪ ಇಪ್ಪತ್ತು ಹಿತ್ತಾಳೆ ಚಕ್ರ ಹೊತ್ತು ಬಂದ.

"ಒಂದು ಸಾಕಿತ್ತಲ್ರೀ?" ಎಂದಳು ಅಮ್ಮ.

"ಹತ್ತೊಂಬತ್ತು ಪುಕ್ಕಟೆ ಬಂತು."

"ಒಳ್ಳೇದಾಯ್ತು. ಇನ್ನು ಹತ್ತೊಂಬತ್ತು ಜಡ್ಜುಗಳನ್ನ ಹುಡುಕಿ."

ಹಸಿ ಬಣ್ಣಕ್ಕೆ ಧೂಳು, ಹೊಗೆ ಅಂಟಬಾರದೆಂದು ಬಣ್ಣದ ವಾರ ಮನೆಯಲ್ಲಿ ಫ್ಯಾನ್ ಇಲ್ಲ, ಕಸ ಗುಡಿಸುವುದಿಲ್ಲ, ಎಣ್ಣೆ ಕಾಯಿಸುವುದಿಲ್ಲ. ಎಲ್ಲರೂ ಬೆವರುತ್ತ ಬೇಯಿಸಿದ ಮೊಟ್ಟೆ, ಬ್ರೆಡ್ಡು ತಿಂದರು. ಹಳೆಯ ಹಸಿರನ್ನು ಅಂಚು ಕೆಡದಂತೆ ಕರಗಿಸಿ ತೆಗೆಯಬೇಕು, ಮೊದಲ ಲೇಪ ಒಣಗಬೇಕು, ಆಮೇಲೆ ಕಪ್ಪು, ಅದರ ಮೇಲೆ ಎರಡು ಕೂದಲ ದಪ್ಪದ ಹಳದಿ ಗೆರೆ. ಗೆರೆಯ ಕೊನೆಯ ಬೆರಳಗಲದಲ್ಲಿ ಒಂದು ಸೊಳ್ಳೆ ಬಂದು ಕೂತು ಅಲ್ಲೇ ಸತ್ತಿತು. ಆ ಪಕ್ಕವನ್ನೆಲ್ಲ ಕೆರೆದು ಮತ್ತೆ ಮೊದಲಿನಿಂದ. ಡ್ರೈವರ್ ಗೊಂಬೆ ಕಿರುಬೆರಳ ಉಗುರಿಗಿಂತ ಸ್ವಲ್ಪ ಎತ್ತರ. ಜಡ್ಜ್ ಸಾಹೇಬರು ಬಂದು ಭೂತಗನ್ನಡಿಯಲ್ಲಿ ತಮ್ಮ ಮುಖ ನೋಡಿಕೊಂಡು ಮೂರು ಸಲ ತಿರಸ್ಕರಿಸಿದರು.

ಹೊಸ ಚಕ್ರ ಕೂತ ಮೇಲೆ ಪರೀಕ್ಷೆಗೆ ಮತ್ತೆ ಅಜ್ಜಿಯೇ ಕೂತಳು. ಈ ಸಲ ಎರಡೂ ಕೈಯನ್ನು ಶಾಲಿನೊಳಗೆ ಸುತ್ತಿಕೊಂಡಿದ್ದಳು. ಇಂಜಿನ್ ನಿಲ್ಲಲಿಲ್ಲ.

ಬಿಲ್ಲನ್ನು ಅಮ್ಮ ಬರೆದಳು. ಬ್ರೆಡ್ಡಿನ ಹಾಗೆಯೇ ಬರೆದಳು, ಏನನ್ನೂ ಬಿಡಲಿಲ್ಲ. "ಓಡಿಸಿ ನೋಡಿದ ಕೂಲಿ" ಎಂಬ ಸಾಲೂ ಇತ್ತು.

"ಇದು ನಿಮ್ಮದು ಅತ್ತೆ. ಬಂದ ದಿನ ನಿಮ್ಮ ಕೈಗೇ ಕೊಡ್ತೀನಿ."

"ನನಗ್ಯಾಕಮ್ಮಾ?" ಎಂದಳು ಅಜ್ಜಿ. ಮಗಳು ಕೆಮ್ಮಿದಳು.

ಬಿಲ್ಲು ಕೊಡುವ ದಿನ ಅಪ್ಪ ಮನೆಯಲ್ಲಿ ಇರಬಾರದೆಂದು ಅಮ್ಮ ತೀರ್ಮಾನಿಸಿದ್ದಳು. ಹುಬ್ಬು ಕಂಡರೆ ಕರಗುವವನನ್ನು ಹುಬ್ಬಿನ ಮುಂದೆ ನಿಲ್ಲಿಸಬಾರದು. "ಹೇಗೂ ಒಂದಿನ ಕೂತು ನೋಡಿ, ಅಭ್ಯಾಸ ಆಗ್ಲಿ," ಎಂದು ಬೆಳಿಗ್ಗೆಯೇ ಪಂಪಿನ ಅಂಗಡಿಗೆ ಕಳಿಸಿದಳು.

ಜಡ್ಜ್ ಸಾಹೇಬರು ಬಂದಾಗ ಕಪ್ಪು ಇಂಜಿನ್ ಮೇಜಿನ ಮೇಲೆ ಸುತ್ತುತ್ತಿತ್ತು. ಸ್ವಲ್ಪ ಹೊತ್ತು ಮಗುವಿನ ಹಾಗೆ ನೋಡಿದರು. ಆಮೇಲೆ ಬಿಲ್ಲು ತೆಗೆದುಕೊಂಡು ಕನ್ನಡಕ ಬದಲಿಸಿದರು. ಹುಬ್ಬು ಏರಿತು.

"ಏನಮ್ಮಾ, ಇದು ಇಂಜಿನ್ನಿನ ಬೆಲೆಗಿಂತ ಜಾಸ್ತಿ ಇದೆಯಲ್ಲ!"

"ಹೌದು ಸಾರ್. ಅದನ್ನ ಕಂಪನಿಯವರು ಸಾವಿರಗಟ್ಟಲೆ ಮಾಡಿದ್ರು. ಇದನ್ನ ನಾವು ಒಂದೇ ಒಂದು ಮಾಡಿದೀವಿ."

"ಹಲ್ಲುಚಕ್ರ. ಬಟಾಣಿಯಷ್ಟಿಲ್ಲ."

"ಬಟಾಣಿ ಹಾಗೆ ಅಂಗಡೀಲಿ ಸಿಕ್ಕಿದ್ರೆ ಬಟಾಣಿ ಬೆಲೇನೇ ಹಾಕ್ತಿದ್ದೆ. ನಿಮ್ಮದೊಂದಕ್ಕೇ ಯಂತ್ರ ಹೊಂದಿಸಬೇಕಾಯ್ತು. ಮಿಕ್ಕ ಹತ್ತೊಂಬತ್ತು ಈ ಡಬ್ಬೀಲಿವೆ, ಅವೂ ನಿಮ್ಮವೇ."

"ಹತ್ತೊಂಬತ್ತು ಇಟ್ಕೊಂಡು ನಾನೇನು ಹಾರ ಮಾಡ್ಕೊಳ್ಲಾ? ಸರಿ, ಬಣ್ಣ. ನಮ್ಮನೆ ಗೇಟಿಗೆ ಕಪ್ಪು ಬಳಿಸಿದ್ದು ಇದರ ಅರ್ಧಕ್ಕೆ."

"ಗೇಟಿನ ಮೇಲೆ ಸೊಳ್ಳೆ ಸತ್ರೆ ಅದರ ಮೇಲೇ ಬಳೀತಾರೆ ಸಾರ್. ನೀವು ಗೇಟನ್ನ ಭೂತಗನ್ನಡೀಲಿ ನೋಡಲ್ಲ."

"ಡ್ರೈವರ್ ಮುಖ, ನಾಲ್ಕು ಸಲ?"

"ಮೊದಲನೇದು ದಪ್ಪ ಅಂದ್ರಿ," ಎಂದಳು ಮಗಳು. "ಎರಡನೇದಕ್ಕೆ ವಯಸ್ಸಾಯ್ತು ಅಂದ್ರಿ. ಮೂರನೇದು ನಿಮ್ಮ ತಮ್ಮನ ಹಾಗಿದೆ ಅಂದ್ರಿ."

"ಹಾಗೇ ಇತ್ತು," ಎಂದರು ಜಡ್ಜ್ ಸಾಹೇಬರು ಕಹಿಯಾಗಿ. ಬೆರಳು ಕೆಳಗಿನ ಸಾಲಿಗೆ ಇಳಿಯಿತು. "ಓಡಿಸಿ ನೋಡಿದ ಕೂಲಿ. ಯಾರು ನೋಡಿದ್ದು?"

"ನಾನು," ಎಂದಳು ಅಜ್ಜಿ.

ಜಡ್ಜ್ ಸಾಹೇಬರು ಕುರ್ಚಿಯಲ್ಲಿ ನೆಟ್ಟಗಾದರು. ಹಳೆಯ ಅಭ್ಯಾಸ. "ಏನು ನೋಡಿದ್ರಿ ತಾಯಿ?"

"ಸುತ್ತೋದು ನೋಡಿದೆ."

"ನಿಂತದ್ದು ನೋಡಿದ್ರಾ?"

ಅಜ್ಜಿ ಸೊಸೆಯ ಮುಖ ನೋಡಿದಳು. ಮಗಳು ಕಿಟಕಿಯಾಚೆ ನೋಡತೊಡಗಿದಳು.

"ನೋಡಿದೆ," ಎಂದಳು ಅಜ್ಜಿ. "ಮೊದಲನೇ ದಿನದಿಂದ್ಲೂ ನಿಲ್ತಿತ್ತು. ನಾನೇ ನೂಕ್ತಿದ್ದೆ. ಒಂದಿನ ಬಟಾಣಿ ಸಿಪ್ಪೇಲಿ, ಒಂದಿನ ಬೀನ್ಸಲ್ಲಿ. ನಿಂತ್ರೆ ನನ್ನ ಮಗನ್ನ ಪಂಪಿನ ಅಂಗಡೀಲಿ ಕೂರಿಸ್ತಾರೆ ಅಂತ."

ಇಂಜಿನ್ ಒಂದು ಸುತ್ತು ಬಂತು.

"ಅತ್ತೆ," ಎಂದಳು ಅಮ್ಮ ನಿಧಾನವಾಗಿ, "ಹಾಗಾದ್ರೆ ಆ ಮೋಟಾರು?"

"ಬೇಕಿರ್ಲಿಲ್ಲ."

"ಇವರ ಮನೆಗೆ ಓಡಾಡಿದ್ದು, ಹಳಿ ಉಜ್ಜಿದ್ದು?"

"ಅದೂ ಬೇಕಿರ್ಲಿಲ್ಲ ಕಣಮ್ಮಾ. ನನ್ನದೇ ತಪ್ಪು. ನನ್ನ ಕೂಲಿ ಹೊಡೆದುಹಾಕು."

ಅಮ್ಮ ಬಿಲ್ಲನ್ನು ಜಡ್ಜ್ ಸಾಹೇಬರ ಕೈಯಿಂದ ತೆಗೆದುಕೊಂಡಳು. ಅವರು ಕೇಳುವ ಮೊದಲೇ ಮೋಟಾರಿನ ಸಾಲು, ಅದರ ಪೀಠದ ಸಾಲು, ಓಡಾಟದ ಸಾಲು, ಅಜ್ಜಿಯ ಸಾಲು, ಒಂದೊಂದಾಗಿ ಗೀಟೆಳೆದಳು. "ನಮ್ಮನೆ ತಪ್ಪಿಗೆ ನಿಮ್ಮ ದುಡ್ಡು ಬೇಡ ಸಾರ್. ಹಳೇ ಮೋಟಾರು ಇದೆ. ಅದನ್ನೇ ವಾಪಸ್ ಕೂರಿಸಿ ಕೊಡ್ತಾರೆ, ನಾಳಿದ್ದು ಬನ್ನಿ."

"ಹಳೇದೇ?" ಜಡ್ಜ್ ಸಾಹೇಬರು ಮೇಜಿನ ಕಡೆ ತಿರುಗಿದರು. "ಅದು ಗಿರಣಿ ಹಾಗೆ ಸದ್ದು ಮಾಡ್ತಿತ್ತಲ್ಲ."

"ಹೌದು."

"ಇದು ಸದ್ದೇ ಇಲ್ಲ."

"ಹೌದು."

"ಇದೇ ಇರ್ಲಿ ಬಿಡಿ."

"ಇದ್ರೆ ಬರೀಬೇಕಾಗುತ್ತೆ ಸಾರ್. ಅದರ ಪೀಠದ ಸಮೇತ."

"ಬರೀರಿ," ಎಂದರು ಅವರು, ಹಲ್ಲು ಕೀಳಿಸಿಕೊಳ್ಳುವವರ ಮುಖದಲ್ಲಿ. ಆಮೇಲೆ ಅಜ್ಜಿಯ ಕಡೆ ನೋಡಿದರು. "ಹೊಸ ಚಕ್ರ ಹಾಕಿದ ಮೇಲೆ ಯಾರು ಕೂತು ನೋಡಿದ್ದು?"

"ನಾನೇ."

"ನೂಕಿದ್ರಾ?"

"ಕೈ ಶಾಲೊಳಗಿತ್ತು."

"ಅದಕ್ಕೆ ಕೊಡ್ತೀನಿ. ಅದೊಂದಕ್ಕೆ." ಜೇಬಿಗೆ ಕೈಹಾಕುತ್ತ ಗೊಣಗಿದರು: "ನಾನು ಕೂತಿದ್ದ ಕುರ್ಚಿ ಮುಂದೆ ಇಷ್ಟು ಬೇಗ ಯಾರೂ ಒಪ್ಪಿಕೊಂಡಿರ್ಲಿಲ್ಲ."

ಅವರು ಇಂಜಿನ್ನಿನ ಪೆಟ್ಟಿಗೆಯನ್ನೂ ಹತ್ತೊಂಬತ್ತು ಚಕ್ರದ ಡಬ್ಬಿಯನ್ನೂ ಹಿಡಿದು ಹೋದ ಮೇಲೆ ಅಮ್ಮ ಕೂಡಿ ಕಳೆದಳು. ಉಳಿದದ್ದು ಪಂಪಿನ ಅಂಗಡಿಯ ಸಂಬಳಕ್ಕಿಂತ ಸ್ವಲ್ಪ ಕಡಿಮೆ. ಇನ್ನೊಂದು ಸಲ ಕೂಡಿದಳು. ಅಷ್ಟೇ.

"ಸ್ವಲ್ಪ ತಾನೇ ಅಮ್ಮ?" ಎಂದಳು ಮಗಳು.

"ಮಾತು ಅಂದ್ರೆ ಮಾತು ಕಣೇ."

ಅಜ್ಜಿ ತನ್ನ ಕೂಲಿಯ ನೋಟುಗಳನ್ನು ಮೇಜಿನ ಮೇಲಿಟ್ಟು ಸೊಸೆಯ ಕಡೆ ಸರಿಸಿದಳು. "ಇದನ್ನೂ ಸೇರಿಸು. ಆಗುತ್ತಾ ನೋಡು."

"ಅದು ನಿಮ್ಮದು ಅತ್ತೆ," ಎಂದು ಅಮ್ಮ ವಾಪಸ್ ಸರಿಸಿದಳು.

ಅಷ್ಟರಲ್ಲಿ ಬಾಗಿಲಲ್ಲಿ ವ್ಯಾನ್ ನಿಂತಿತು. ಪಂಪಿನ ಅಂಗಡಿಯ ತಮ್ಮ ಮೊದಲು ಇಳಿದ, ಹಿಂದಿನಿಂದ ಕೈಯೆಲ್ಲ ಗ್ರೀಸಾದ ಅಪ್ಪ.

"ಅಕ್ಕಾ, ಭಾವನ್ನ ಕರ್ಕೊಂಡು ಬಂದಿದೀನಿ. ಇಟ್ಕೋ."

"ಯಾಕೋ? ಏನಾಯ್ತು?"

"ಏನಾಯ್ತಾ? ಬೆಳಿಗ್ಗೆಯಿಂದ ಮೂರು ಜನಕ್ಕೆ ಪಂಪ್ ಮಾರಿದ್ರು. ಮೂರನ್ನೂ ನಾನು ಕೊಂಡ ಬೆಲೆಗಿಂತ ಕಡಿಮೆಗೆ! ಕೇಳಿದ್ರೆ, ಗಿರಾಕಿ ಮುಖ ಸಣ್ಣ ಮಾಡ್ಕೊಂಡ ಅಂತಾರೆ. ಸರಿ, ಮಾರೋದು ಬೇಡ, ಒಳಗೆ ಕೂತಿರಿ ಭಾವ ಅಂದೆ. ಒಳಗೆ ಕೂತು ಏನು ಮಾಡಿದ್ರು ಗೊತ್ತಾ? ಆಗ ತಾನೇ ಡಬ್ಬಿ ಒಡೆದ ಹೊಸ ಪಂಪನ್ನ ಪೂರ್ತಿ ಬಿಚ್ಚಿ ಹರಡಿದಾರೆ!"

"ಬೇರಿಂಗ್ ಸದ್ದು ಸರಿಯಿರ್ಲಿಲ್ಲ," ಎಂದ ಅಪ್ಪ. "ಮಾರಿದ್ರೆ ತಿಂಗಳಲ್ಲಿ ವಾಪಸ್ ಬರ್ತಿತ್ತು."

"ಬರ್ಲಿ ಭಾವ! ಅದಕ್ಕೇ ಅಲ್ವಾ ಗ್ಯಾರಂಟಿ ಅಂತ ಇರೋದು! ಅಕ್ಕಾ, ಸಂಬಳ ಬೇಕಾದ್ರೆ ತಿಂಗಳಾ ತಿಂಗಳಾ ಮನೆಗೇ ಕಳಿಸ್ತೀನಿ, ಅಂಗಡಿಗೆ ಮಾತ್ರ ಇವ್ರನ್ನ ಕಳಿಸಬೇಡ. ನಷ್ಟ ಅದಕ್ಕಿಂತ ಜಾಸ್ತಿ."

ಮೊದಲು ನಕ್ಕವಳು ಮಗಳು. ಅಮ್ಮ ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಸೆರಗು ಬಾಯಿಗೊತ್ತಿಕೊಂಡು ಸೋಫಾದ ಮೇಲೆ ಕುಸಿದಳು. ತಮ್ಮ ಮಾತ್ರ ನಗದೆ ಟೀ ಕುಡಿದು ಹೊರಟ.

ಅಜ್ಜಿ ಮಗನ ಎದುರು ನಿಂತು, ಮತ್ತೊಮ್ಮೆ ಎಲ್ಲ ಹೇಳಿದಳು. ಬೈಗುಳ ಬರಲೆಂದು ಕಾದಳು. ಅಪ್ಪನ ಮುಖ ಅರಳಿತು.

"ನೂಕ್ತಿದ್ಯಾ? ನಿಜವಾಗ್ಲೂ? ಹಾಗಾದ್ರೆ ನನ್ನ ಕೈ ಹೋಗಿಲ್ಲ!" ತಾಯಿಯ ಎರಡೂ ಕೈ ಹಿಡಿದುಕೊಂಡ. ಅವಳ ಕೈಗೂ ಗ್ರೀಸ್ ಮೆತ್ತಿತು. "ಪ್ರತಿ ಸಲ ಉಪ್ಪಿನ ಡಬ್ಬಿ ಹತ್ರಾನೇ ನಿಲ್ತಿತ್ತಾ? ಎಷ್ಟು ಸುತ್ತಿಗೆ?"

"ಸುತ್ತು ಯಾರು ಎಣಿಸ್ತಾರೋ? ಅರ್ಧ ಬುಟ್ಟಿಗೆ."

"ನಾಳೆಯಿಂದ ನೀವು ಎಲ್ಲಿಗೂ ಹೋಗೋದು ಬೇಡ," ಎಂದಳು ಅಮ್ಮ ಕಣ್ಣೊರೆಸಿಕೊಂಡು. "ರಿಪೇರಿ ನಿಮ್ಮದು. ಬಿಲ್ಲು ನನ್ನದು. ಬಿಲ್ಲಿನ ದಿನ ನೀವು ಎಲ್ಲಾದ್ರೂ ತಿರುಗಾಡಿ ಬನ್ನಿ, ನನ್ನ ತಮ್ಮನ ಅಂಗಡಿ ಒಂದು ಬಿಟ್ಟು."

ಅಪ್ಪ ತಲೆಯಾಡಿಸಿ, ಮೇಜಿನ ಮೇಲಿದ್ದ ಬಿಲ್ಲಿನ ಪ್ರತಿ ಎತ್ತಿ ಓದಿದ. ಕೆಳಗೆ ಬಂದಂತೆ ಅವನ ಸ್ವಂತ ಹುಬ್ಬೇ ಏರಿತು.

"ಅಷ್ಟೂ ಕೊಟ್ರಾ? ಛೇ, ಪಾಪ ಕಣೇ. ವಯಸ್ಸಾದವ್ರು. ಒಂದು ಫೋನ್ ಮಾಡಿ, ಒಂದಿಷ್ಟು ವಾಪಸ್..."

ಅವನ ಕೈ ಫೋನಿನ ಕಡೆ ಹೋಗುವುದರೊಳಗೆ ಅಮ್ಮ ಅದನ್ನು ಎತ್ತಿಟ್ಟುಕೊಂಡಳು. ಅಜ್ಜಿ ತನ್ನ ನೋಟುಗಳನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಕೊಡೋದಾದ್ರೆ ನಿನ್ನ ಪಾಲಲ್ಲಿ ಕೊಡಪ್ಪಾ," ಎಂದಳು. "ಇದು ನಾನು ದುಡಿದಿದ್ದು."